ಕಲಾಯಿ ಹಾಕಿಸಿದ ತಾಳ

ನಾನು ಹೊಳೆಯಲ್ಲಿ ಬಟ್ಟೆ ಒಗೆದು ಮನೆಗೆ ಬರುವಷ್ಟರಲ್ಲಿ ಕೆಲಸ ಮುಗಿದುಹೋಗಿತ್ತು. ಹಲಸಿನ ಮರದ ಕೆಳಗೆ ಕಲಾಯಿಯವನು ತೋಡಿದ್ದ ಕುಳಿಯಲ್ಲಿ ಕೆಂಡ ಇನ್ನೂ ಮಿಣುಕುತ್ತಿತ್ತು. ಅವನು ಮಾತ್ರ ತಿದಿ ಮಡಚಿಕೊಂಡು ಹೊರಟಾಗಿತ್ತು. ನಮ್ಮ ಹಿತ್ತಾಳೆ, ತಾಮ್ರದ ಪಾತ್ರೆಗಳೆಲ್ಲ ಅಂಗಳದ ಬಿಸಿಲಿನಲ್ಲಿ ಬಾಯಿ ಮೇಲೆ ಮಾಡಿ ಕೂತಿದ್ದವು, ಒಳಗೆಲ್ಲ ಬೆಳ್ಳಿಯಂತೆ ಬೆಳ್ಳಗೆ. ಅವುಗಳ ಪಕ್ಕದಲ್ಲಿ ಬಾವಿಕಟ್ಟೆಗೆ ಒರಗಿಸಿ ನಮ್ಮ ಯಜಮಾನರ ಮೂರು ಸಿಂಬಲ್ಲುಗಳನ್ನು ನಿಲ್ಲಿಸಿದ್ದರು. ಅವೂ ಬೆಳ್ಳಗೆ.

ಸಿಂಬಲ್ಲು ಅಂದರೆ ತಾಳ. ನಮ್ಮ ಭಜನೆಯ ಕೈತಾಳದ ಹಾಗಲ್ಲ, ಅಗಲವಾದ ತೆಳು ತಟ್ಟೆಗಳು. ಯಜಮಾನರು ಯುದ್ಧದ ಕಾಲದಲ್ಲಿ ಪಲ್ಟನ್ನಿನ ಬ್ಯಾಂಡಿನಲ್ಲಿದ್ದವರು. ಊರಿಗೆ ಬಂದ ಮೇಲೆ ಮಡಿಕೇರಿಯ ಒಬ್ಬ ಬ್ಯಾಂಡ್ ಮಾಸ್ತರರ ಜೊತೆ ಸೇರಿ ಎಸ್ಟೇಟ್ ಬಂಗಲೆಗಳ ಪಾರ್ಟಿಗಳಿಗೆ ಡ್ರಮ್ ಬಾರಿಸಲು ಹೋಗುತ್ತಿದ್ದರು. ಡ್ರಮ್ಮು ಅಂದರೆ ಬರೀ ಡ್ರಮ್ಮಲ್ಲ ಎಂದು ನನಗೆ ಗೊತ್ತಾದದ್ದು ಮದುವೆಯಾಗಿ ಬಂದ ಮೇಲೆ. ಕಾಲಿನಿಂದ ಒದೆಯುವ ದೊಡ್ಡ ಡ್ರಮ್ಮು ಒಂದು, ಕೋಲಿನ ಚಿಕ್ಕ ಡ್ರಮ್ಮು ಒಂದು. ಆಮೇಲೆ ಅವಕ್ಕೊಂದು ಬಳಗ. ಕಂಬದ ಮೇಲೆ ತೂಗುವ ದೊಡ್ಡ ತಾಳ. ಒಂದರ ಮೇಲೊಂದು ಮುಖ ಮಾಡಿ ಕೂತು, ಕೆಳಗಿನ ಮೆಟ್ಟು ತುಳಿದರೆ ಚಿಕ್ ಎಂದು ಬಾಯಿ ಮುಚ್ಚುವ ಚಿಕ್ಕ ತಾಳದ ಜೋಡಿ, ಅದಕ್ಕೆ ನಾನು ಕಾಲ್ತಾಳ ಎನ್ನುತ್ತಿದ್ದೆ. ಟೊಕ್ ಎನ್ನುವ ಪೊಳ್ಳು ಮರದ ತುಂಡು. ಒಂದು ಗಂಟೆ. ಗಂಟೆ ನಮ್ಮ ಕೊಟ್ಟಿಗೆಯದೇ. ಅದನ್ನು ಎತ್ತಿನ ಕೊರಳಿನಿಂದ ಬಿಚ್ಚಿ, ನಾಲಗೆ ಕಿತ್ತು ಡ್ರಮ್ಮಿಗೆ ಕಟ್ಟಿದ ದಿನ ಅತ್ತೆ, "ಬಸವಣ್ಣನ ಗಂಟೆ ಕಿತ್ತು ದೊರೆಗಳ ಕುಣಿತಕ್ಕೆ ಕಟ್ತೀಯಲ್ಲೋ, ನಿನ್ನ ಕೈಗೆ ಏನ್ ಬಂತೋ" ಎಂದು ಬೈದು, ಎತ್ತಿಗೆ ಹೊಸ ಗಂಟೆ ಬರುವವರೆಗೂ ಮಗನ ಜೊತೆ ಸರಿಯಾಗಿ ಮಾತಾಡಿರಲಿಲ್ಲ.

ಆಗ ಕೊಡಗಿಗೆ ಅದರದೇ ಸರ್ಕಾರ ಮಡಿಕೇರಿಯಲ್ಲಿತ್ತು. ಬಿಳಿ ದೊರೆಗಳು ಒಬ್ಬೊಬ್ಬರಾಗಿ ತೋಟ ಮಾರಿ ಹೊರಡುತ್ತಿದ್ದರು. ಅವರ ಜಾಗಕ್ಕೆ ಬಂದ ನಮ್ಮವರೂ ಪಾರ್ಟಿಗಳನ್ನು ನಿಲ್ಲಿಸಲಿಲ್ಲ. ಅದೊಂದು ಪುಣ್ಯ, ಇಲ್ಲದಿದ್ದರೆ ನಮ್ಮ ಡ್ರಮ್ಮು ಅಟ್ಟ ಸೇರುತ್ತಿತ್ತು. ಆ ಶನಿವಾರ ಬಿಟ್ಟಂಗಾಲದ ಹತ್ತಿರದ ಒಂದು ಬಂಗಲೆಯಲ್ಲಿ ಪಾರ್ಟಿ ಇತ್ತು. ಬಂಗಲೆಯ ಹೊಸ ಮಾಲೀಕರಿಗೆ ಮೆಚ್ಚಿಗೆಯಾದರೆ ಮುಂದೆಯೂ ಇವರನ್ನೇ ಕರೆಯುತ್ತಾರೆ ಎಂದು ಮಾಸ್ತರರು ಹೇಳಿದ್ದರು. ಮಳೆಗಾಲದ ಶೀತಕ್ಕೆ ಚಿಕ್ಕ ಡ್ರಮ್ಮಿನ ಚರ್ಮ ಹರಿದದ್ದರಿಂದ ಹೊಸದು ತರಲು ನಮ್ಮವರು ಮೈಸೂರಿಗೆ ಹೋಗಿದ್ದರು. ಶುಕ್ರವಾರ ಸಂಜೆ ಬರುವವರಿದ್ದರು. ಕಲಾಯಿಯವನು ಬಂದುಹೋದದ್ದು ಮಂಗಳವಾರ.

ಅತ್ತೆ ಜಗಲಿಯಿಂದ ಇಳಿದು ಬಂದರು. ಸೆರಗಿನಿಂದ ದೊಡ್ಡ ತಾಳದ ಅಂಚು ಒರೆಸಿದರು.

"ನೋಡವ್ವ, ಹೆಂಗೆ ಬೆಳಗ್ತವೆ! ಕಿಲುಬು ಹಿಡ್ಕೊಂಡು ಹಸಿರಾಗಿದ್ವು. ಅಂಥಾವು ಇಟ್ಕೊಂಡು ನಾಲ್ಕು ಜನದ ಮುಂದೆ ಕೂರ್ತಾನಲ್ಲ, ನೋಡ್ದೋರು ಮನೇಲಿ ಹೆಂಗಸ್ರಿಲ್ವಾ ಅನ್ನಲ್ವಾ?"

ನಾನು ಬಟ್ಟೆಯ ಬುಟ್ಟಿ ಇಳಿಸಿ ತಾಳಕ್ಕೆ ಬೆರಳ ಗಂಟಿನಿಂದ ಹೊಡೆದೆ. ಹಿಂದೆ ಅದನ್ನು ಧೂಳು ಒರೆಸುವಾಗ ಎಷ್ಟೋ ಸಲ ಹೀಗೆ ಹೊಡೆದು, ಕಣ್ಣು ಮುಚ್ಚಿ "ಓಂ ನಮಃ ಶಿವಾಯ" ಹೇಳಿಕೊಳ್ಳುತ್ತಿದ್ದೆ. ಒಂದಲ್ಲ, ಹಲವು ಸಲ ಹೇಳಿದರೂ ನಾದ ಮುಗಿಯುತ್ತಿರಲಿಲ್ಲ. ತೆಳುವಾಗುತ್ತ ಆಗುತ್ತ, ಇದೆಯೋ ಇಲ್ಲವೋ ಅನ್ನುವಂತೆ ಉಳಿಯುತ್ತಿತ್ತು. ಈಗ ಡಬ್ ಎಂದಿತು, ಒಂದೇ ಸಲ. "ಓಂ" ಎನ್ನಲೂ ಪುರುಸೊತ್ತಿಲ್ಲ.

"ಬಿಸಿ ಆರಿಲ್ಲ ಕಣೆ," ಅಂದರು ಅತ್ತೆ. "ಆರ್ಲಿ. ಸರಿಹೋಗ್ತದೆ."

ಆರಿದ ಮೇಲೂ ಡಬ್ ಎಂದೇ ಅಂದಿತು. ಚಿಕ್ಕ ಜೋಡಿಯಂತೂ ಇನ್ನೂ ಕೇಡು, ರೊಟ್ಟಿ ತಟ್ಟಿದಂತೆ. ಅತ್ತೆ ತಾವೇ ಒಂದನ್ನು ಎತ್ತಿ ಕಿವಿಯ ಹತ್ತಿರ ಹಿಡಿದು ಹೊಡೆದು ನೋಡಿದರು. ಮತ್ತೆ ಹೊಡೆದರು. ಆಮೇಲೆ ಒಳಗೆ ಹೋಗಿ ಒಲೆಯ ಮುಂದೆ ಕೂತರು.

ನನಗೆ ಹೆದರಿಕೆಯಾದದ್ದು ತಾಳಕ್ಕಿಂತ ಹೆಚ್ಚಾಗಿ ಇನ್ನೊಂದಕ್ಕೆ. ಮಗ ಬಾರಿಸಿಕೊಂಡು ಬದುಕುವುದು ಅತ್ತೆಗೆ ಮೊದಲಿನಿಂದಲೂ ಇಷ್ಟವಿರಲಿಲ್ಲ. "ನಮ್ಮ ಮನೆತನದಲ್ಲಿ ಯಾರೂ ಬಾರಿಸ್ಕೊಂಡು ಹೊಟ್ಟೆ ಹೊರೆದೋರಿಲ್ಲ" ಎನ್ನುವುದು ಅವರ ದಿನದ ಮಾತು. ಆ ಮಳೆಗಾಲದಲ್ಲೇ ಒಮ್ಮೆ ಸಿಟ್ಟು ಬಂದು, "ಆ ತಟ್ಟೆಗಳ್ನ ಒಂದಿನ ಹೊಳೆಗೆ ಎಸೀತೀನಿ" ಅಂದಿದ್ದರು. ನಮ್ಮವರು ಅದನ್ನು ಮರೆತಿರಲಿಲ್ಲ. ಈಗ ಈ ತಾಳ ನೋಡಿದರೆ ಅವರು ಏನೆಂದುಕೊಳ್ಳುತ್ತಾರೆ? ಅವ್ವ ಬೇಕೆಂದೇ ಮಾಡಿದಳು. ತಾಯಿ ಮಗನ ನಡುವೆ ಒಮ್ಮೆ ಅಂಥ ಮಾತು ಬಿದ್ದರೆ ಅದನ್ನು ಯಾವ ಹುಣಸೆಹಣ್ಣು ಹಾಕಿ ತಿಕ್ಕಿದರೂ ಹೋಗುವುದಿಲ್ಲ.

ನಿಜ ಹೇಳುತ್ತೇನೆ, ಆ ಸಂಜೆ ದೀಪ ಹಚ್ಚುವಾಗ ನನ್ನ ಮನಸ್ಸಿನಲ್ಲೂ ಅದೇ ಇತ್ತು. ಬೇಕೆಂದೇ ಇರಬಹುದೇ? ಅತ್ತೆ ಬುದ್ಧಿವಂತೆ. ಶಿವನ ಮುಂದೆ ಕೂತು ಇಂಥದ್ದನ್ನು ಯೋಚಿಸಬಾರದೆಂದು ವಿಭೂತಿ ಹಚ್ಚಿಕೊಂಡು ಎದ್ದೆ. ಯೋಚನೆ ಮಾತ್ರ ಎದ್ದು ಹೋಗಲಿಲ್ಲ.

ಬುಧವಾರ ಬೆಳಿಗ್ಗೆ ಕೆಲಸ ಶುರು ಮಾಡಿದೆವು. ಮೊದಲು ಬೂದಿ, ಹುಣಸೆಹಣ್ಣು. ಹಿತ್ತಾಳೆಗೆ ಅದೇ ಮದ್ದು ತಾನೆ. ಆದರೆ ಮೇಲೆ ಕೂತಿದ್ದದ್ದು ತವರ. ಅದು ಇನ್ನಷ್ಟು ಹೊಳೆಯಿತು, ಬಿಡಲಿಲ್ಲ. ಬಿಸಿಲಿಗೆ ಹಿಡಿದು ನೋಡಿದಾಗ ವಿಷಯ ತಿಳಿಯಿತು. ತಾಳದ ಮೈಮೇಲೆ ನಡುವಿನಿಂದ ಅಂಚಿನವರೆಗೆ ಸುತ್ತುಸುತ್ತಾಗಿ ಸಣ್ಣ ಗೆರೆಗಳಿರುತ್ತವೆ, ನೀರಿಗೆ ಕಲ್ಲೆಸೆದರೆ ಏಳುವಂಥವು. ಆ ಗೆರೆಗಳೆಲ್ಲ ತವರದಿಂದ ಮುಚ್ಚಿಹೋಗಿದ್ದವು.

"ಹಾಕ್ದೋನೇ ತೆಗೀಲಿ," ಅಂದರು ಅತ್ತೆ. ಹಿಂದಿನ ರಾತ್ರಿಯಿಂದ ಅವರು ಆಡಿದ ಮೊದಲ ಮಾತು ಅದು. ಊಟವನ್ನೂ ಮಾಡಿರಲಿಲ್ಲ.

ಕಲಾಯಿಯವನು ಮಾದಾಪುರದ ಪೇಟೆಯಲ್ಲಿ, ಬಸ್ಸು ನಿಲ್ಲುವ ಜಾಗದ ಹಿಂದೆ ಬಿಡಾರ ಮಾಡಿದ್ದ. ಮೂರನ್ನೂ ಗೋಣಿಯಲ್ಲಿ ಸುತ್ತಿಕೊಂಡು ಹೋದೆ. ಅತ್ತೆ ಬರಲಿಲ್ಲ.

"ನಂದು ಏನ್ ತಪ್ಪಮ್ಮಾ?" ಎಂದ ಅವನು, ನಾನು ಕೇಳುವ ಮೊದಲೇ. "ನಾನ್ ಹೇಳ್ದೆ, ಅಜ್ಜೀ, ಇದ್ರಲ್ಲಿ ಯಾರೂ ಅಡುಗೆ ಮಾಡಲ್ಲ, ಕಲಾಯಿ ಯಾಕೆ ಅಂತ. ಅಜ್ಜಿ ಬೈದ್ರು. ನನ್ನ ಮಗ ಹತ್ತು ಜನದ ಎದುರು ಇಡೋ ಸಾಮಾನು, ಸುಮ್ನೆ ಹಾಕು ಅಂದ್ರು. ತವರ ಕಮ್ಮಿ ಇತ್ತು ನನ್ನ ಹತ್ರ. ಒಂದು ದೊಡ್ಡ ತಪ್ಪಲೆ ಉಳ್ಕೊಂಡಿತ್ತು. ಅದಕ್ಕೆ ಹಾಕಿದ್ರೆ ಇದಕ್ಕಿಲ್ಲ, ಇದಕ್ಕೆ ಹಾಕಿದ್ರೆ ಅದಕ್ಕಿಲ್ಲ ಅಂದೆ. ತಪ್ಪಲೆ ಬಿಡು, ಇದಕ್ಕೆ ಹಾಕು ಅಂದ್ರು."

"ಯಾವ ತಪ್ಪಲೆ?"

"ಆ ದೊಡ್ಡದು, ಕಂಠದಲ್ಲಿ ಬೆಸುಗೆ ಇದೆಯಲ್ಲ."

ನಾನು ಅಲ್ಲೇ ಕಲ್ಲಿನ ಮೇಲೆ ಕೂತುಬಿಟ್ಟೆ. ಅದು ಕಾರ್ತಿಕ ಸೋಮವಾರಗಳಲ್ಲಿ ನಮ್ಮ ಮನೆಯಲ್ಲಿ ಅನ್ನ ಮಾಡುವ ತಪ್ಪಲೆ. ಆ ಸೋಮವಾರಗಳಂದು ಬಂದವರಿಗೆಲ್ಲ ಊಟ ಹಾಕುವುದು ಅತ್ತೆಯ ಹರಕೆ. ಕಲಾಯಿ ಹೋದ ಹಿತ್ತಾಳೆಯಲ್ಲಿ ಅನ್ನ ಮಾಡಿದರೆ ಕಿಲುಬು ಬಿಡುತ್ತದೆ, ಆದ್ದರಿಂದ ಮುಟ್ಟುವಂತಿಲ್ಲ. ಕಲಾಯಿಯವನು ಬರಲಿ ಎಂದು ಅತ್ತೆ ಮಳೆ ನಿಂತ ದಿನದಿಂದ ದಾರಿ ನೋಡುತ್ತಿದ್ದುದೇ ಆ ತಪ್ಪಲೆಗಾಗಿ. ಮಗನ ಕಸುಬನ್ನು ಹಾಳು ಮಾಡಬೇಕೆಂದವರು ಹಾಗೆ ಮಾಡುತ್ತಾರೆಯೇ? ಬಾಯಲ್ಲಿ ಹೊಳೆಗೆ ಎಸೆಯುತ್ತೇನೆ ಎಂದವರು ಕೈಯಲ್ಲಿ ತಮ್ಮ ಹರಕೆಯ ಪಾತ್ರೆಯನ್ನೇ ಬದಿಗಿಟ್ಟಿದ್ದರು. ಹಿಂದಿನ ಸಂಜೆ ಎದ್ದು ಹೋಗದಿದ್ದ ಯೋಚನೆ ಆಗ ಹೋಯಿತು. ಶಿವನಿಗೆ ಅಲ್ಲೇ ಕೈ ಮುಗಿದೆ. ಕಲಾಯಿಯವನು ತನಗೇ ಮುಗಿದೆನೆಂದು ಗಾಬರಿಯಾದ.

"ತೆಗೀಬೋದಮ್ಮ," ಎಂದ. "ಕಾಯಿಸಿ ಒರೆಸಿದ್ರೆ ತವರ ಹೋಗ್ತದೆ. ಒಂದು ನೋಡೋಣ."

ಚಿಕ್ಕದರಲ್ಲಿ ಒಂದನ್ನು ಕೆಂಡದ ಮೇಲಿಟ್ಟ. ತವರ ಕರಗಿ ಮುತ್ತುಮುತ್ತಾಗಿ ಓಡಾಡಿತು. ಹತ್ತಿಯಿಂದ ಸರಸರ ಒರೆಸಿದ. ಹಳದಿ ಮೈ ಕಂಡಿತು. ನನಗೆ ಖುಷಿಯೋ ಖುಷಿ. ಆರಿಸಿ ಹೊಡೆದರೆ ಮೊದಲಿಗಿಂತಲೂ ಸತ್ತ ಶಬ್ದ. ಅವನು ಅದರ ಅಂಚನ್ನು ಎರಡು ಬೆರಳಿನಿಂದ ಒತ್ತಿ ನೋಡಿದ. ಬಗ್ಗಿತು, ಬಗ್ಗಿದ್ದು ಹಿಂದಕ್ಕೆ ಬರಲಿಲ್ಲ.

"ಬೆಂಕಿ ಬೇಡಮ್ಮ ಇದಕ್ಕೆ," ಎಂದ. "ಬೆಂಕಿ ತಿಂದು ಮೆತ್ತಗಾಗಿದೆ. ಬಡಿದು ಬಡಿದು ಗಟ್ಟಿ ಮಾಡಿರೋ ಹಿತ್ತಾಳೆ ಇದು. ಕಾಯಿಸಿದ್ರೆ ಆ ಗಟ್ಟಿತನ ಹೋಗ್ತದೆ."

"ಹಾಗಾದ್ರೆ ದೊಡ್ಡದು?"

"ದೊಡ್ಡದು ನನ್ನ ಕುಳೀಲಿ ಹಿಡೀಲಿಲ್ಲ. ಅಂಚು ತಿರುಗಿಸಿ ತಿರುಗಿಸಿ ಬೆಚ್ಚಗೆ ಮಾಡ್ದೆ ಅಷ್ಟೆ. ಒಂದೇ ಮಗ್ಗುಲಿಗೆ ಹಾಕಿದ್ದು. ಅದು ಕಂಚಿನ ಥರ ಇದೆ, ಅಷ್ಟು ಬೇಗ ಸಾಯಲ್ಲ. ಆದ್ರೆ ಬೆಂಕಿ ತೋರಿಸ್ಬೇಡಿ."

ಕುಳಿ ಚಿಕ್ಕದಾಗಿದ್ದದ್ದು ನಮ್ಮ ಪುಣ್ಯ.

ಹಾದಿಯಲ್ಲಿ ಬರುವಾಗ ನೆರೆಯ ತೋಟದ ಕೊಡವ ಅಕ್ಕ ಸಿಕ್ಕಿದರು. ನನಗಿಂತ ಹಿರಿಯರು, ಬಾಯಿ ಜೋರು, ಕೈ ಅದಕ್ಕಿಂತ ಧಾರಾಳ. ಗೋಣಿಯಲ್ಲಿ ಏನು ಎಂದರು. ಹೇಳಿದೆ. ಅವರು ಕಾಫಿ ಗಿಡ ಹಿಡಿದುಕೊಂಡು ನಕ್ಕರು.

"ಅಲ್ಲ, ಮುಂದಿನ ಸಲ ಡ್ರಮ್ಮಿಗೆ ಒಗ್ಗರಣೆ ಹಾಕಿಸಿ!" ಎಂದು ಕಣ್ಣು ಒರೆಸಿಕೊಂಡರು. ನನ್ನ ಮುಖ ನೋಡಿ ನಗು ನಿಲ್ಲಿಸಿದರು. "ಕಲಾಯಿ ತೆಗೆಯೋಕೆ ಎಂತ ಕಷ್ಟ? ಕಾಚಂಪುಳಿ ಹಾಕು. ನಾನು ಮದುವೆಯಾಗಿ ಬಂದ ಹೊಸತರಲ್ಲಿ ಕಲಾಯಿ ಪಾತ್ರೇಲಿ ಕಾಚಂಪುಳಿ ಇಟ್ಟು ತವರುಮನೆಗೆ ಹೋಗಿದ್ದೆ. ವಾಪಸ್ ಬರುವಾಗ ಪಾತ್ರೆ ಬೋಳು. ನಮ್ಮ ಅತ್ತೆ ಸಾಯೋವರೆಗೆ ಅದನ್ನೇ ಹೇಳ್ತಿದ್ದರು."

ಕಾಚಂಪುಳಿ ನಮ್ಮ ಅಡುಗೆಯದಲ್ಲ, ಕೊಡವರದು. ಕಾಡುಹುಳಿಯ ಹಣ್ಣಿನ ರಸವನ್ನು ಕುದಿಸಿ ಕುದಿಸಿ, ಕಪ್ಪಗೆ ಮಂದವಾಗುವವರೆಗೆ ಇಳಿಸುತ್ತಾರೆ. ಒಂದು ಹನಿ ನಾಲಗೆಗೆ ತಾಗಿದರೆ ಹಲ್ಲು ಚಳಿತು ಹೋಗುತ್ತದೆ. ಬುಟ್ಟಿಗಟ್ಟಲೆ ಹಣ್ಣಿಗೆ ಒಂದು ಸೀಸೆ ಬಂದರೆ ಹೆಚ್ಚು. ಅಂಥದ್ದನ್ನು ಕೇಳಲು ನನಗೆ ಸಂಕೋಚ. ಅಕ್ಕ ತಾವೇ ಮನೆಗೆ ಕರೆದು, ಭರಣಿಯ ತಳದಲ್ಲಿ ಉಳಿದಿದ್ದ ಹಳೆಯ ಗಷ್ಟನ್ನು ಸೀಸೆಗೆ ಬಗ್ಗಿಸಿ ಕೊಟ್ಟರು. "ಅಡುಗೆಗೆ ಬಾರದ್ದು. ತಾಳಕ್ಕೆ ಆಗ್ತದೆ."

ಅತ್ತೆ ಸೀಸೆಯನ್ನು ದೂರದಿಂದಲೇ ನೋಡಿದರು. ಅದನ್ನು ಹಂದಿ ಮಾಂಸಕ್ಕೆ ಹಾಕುತ್ತಾರೆಂದು ಅವರಿಗೆ ಗೊತ್ತು. ನಾನು ಕೊಟ್ಟಿಗೆಯ ಪಕ್ಕದ ಚಪ್ಪರದಲ್ಲಿ ಕೆಲಸ ಹೂಡಿದೆ. ದೊಡ್ಡ ತಾಳವನ್ನು ಮುಳುಗಿಸುವಷ್ಟು ಅಗಲದ ಪಾತ್ರೆ ಎಲ್ಲಿಯದು, ಅಷ್ಟು ಹುಳಿ ಎಲ್ಲಿಯದು? ಹಳೆಯ ಸೀರೆಯ ಚೂರುಗಳನ್ನು ನೀರು ಬೆರೆಸಿದ ಕಾಚಂಪುಳಿಯಲ್ಲಿ ಅದ್ದಿ, ತವರದ ಮಗ್ಗುಲಿಗೆ ಪಟ್ಟಿ ಹಾಕಿದೆ, ಜ್ವರದವರ ಹಣೆಗೆ ಹಾಕಿದಂತೆ. ಒಣಗುತ್ತ ಬಂದಂತೆ ಮತ್ತೆ ಅದ್ದುವುದು. ಇಳಿಹೊತ್ತಿಗೆ ಬಟ್ಟೆ ತೆಗೆದರೆ ತವರ ಹೊಳಪು ಕಳೆದು ಬೂದಿ ಬಣ್ಣಕ್ಕೆ ತಿರುಗಿತ್ತು. ಬಟ್ಟೆಯಲ್ಲಿ ಜರಡಿ ಹಿಡಿದ ನುಣ್ಣನೆ ಮರಳು ಹಾಕಿ ತಿಕ್ಕಿದಾಗ ಕಪ್ಪು ಕೆಸರಾಗಿ ಕಳಚಿತು. ಗೆರೆಗಳು ಕಂಡವು.

ಮರಳಿನ ಸದ್ದು ಕೇಳಿ ಅತ್ತೆ ಬಂದರು. ಸ್ವಲ್ಪ ಹೊತ್ತು ನಿಂತರು. ಆಮೇಲೆ ಸೆರಗು ಸಿಕ್ಕಿಸಿ ಎದುರಿಗೆ ಕೂತರು.

"ಆ ಕಡೆ ಬಟ್ಟೆ ಇಲ್ಲಿ ಕೊಡು."

"ಕಾಚಂಪುಳಿ ಅತ್ತೆಮ್ಮ."

"ಗೊತ್ತು ಕೊಡೆ. ಸ್ನಾನ ಮಾಡಿದ್ರಾಯ್ತು."

ಅವರ ತಿಕ್ಕು ನಿಮಗೆ ಗೊತ್ತಿಲ್ಲ. ನಲವತ್ತು ಮಂದಿಯ ಪಾತ್ರೆ ತಿಕ್ಕಿದ ಕೈ. ಅಡ್ಡಡ್ಡ ಹಾಕಿ ಎಳೆದರು. ಸುತ್ತು ಗೆರೆಯ ಮೇಲೆ ಅಡ್ಡ ಗೀರುಗಳು ಬಿದ್ದವು. ನಾನು ಅಯ್ಯೋ ಅಂದೆ. ಅವರ ಕೈ ನಿಂತಿತು.

"ಇದನ್ನೂ ಹಾಳು ಮಾಡ್ದೆನಾ?"

"ಇಲ್ಲ ಅತ್ತೆಮ್ಮ. ಗೆರೆ ಹೋದ ದಾರೀಲೇ ಉಜ್ಜಬೇಕು. ಸುತ್ತ."

"ಹೇಳ್ಬಾರ್ದಾ ಮೊದ್ಲೇ," ಎಂದರು, ಆದರೆ ಸಿಟ್ಟಿನಿಂದಲ್ಲ.

ಗುರುವಾರ ಇನ್ನೊಂದು ತಪ್ಪಾಯಿತು. ಬೇಗ ಆಗಲೆಂದು ನೀರು ಬೆರೆಸದೆ ಗಷ್ಟನ್ನೇ ಬಳಿದು, ಹೊಲದ ಆಳುಗಳಿಗೆ ಬುತ್ತಿ ಕೊಡಲು ಹೋಗಿದ್ದೆವು. ಬಂದು ನೋಡಿದರೆ ಅಂಚಿನ ಹತ್ತಿರ ಅಂಗೈ ಅಗಲ ಕರ್ರಗೆ ತಿಂದುಹಾಕಿತ್ತು. ತೊಳೆದು, ಬೂದಿನೀರಿನಲ್ಲಿ ಒರೆಸಿ, ಉಳಿದ ಕಡೆಗೆ ಮಾತ್ರ ಪಟ್ಟಿ ಹಾಕಿದೆವು. ಪ್ರತಿ ಸಲ ತಿಕ್ಕಿ ತೊಳೆದ ಮೇಲೆ ಚಪ್ಪರದ ತೊಲೆಗೆ ಹತ್ತಿಯ ಹಗ್ಗ ಕಟ್ಟಿ ತೂಗುಹಾಕಿ, ಮರದ ಸೌಟಿನ ಹಿಡಿಯಿಂದ ಹೊಡೆದು ನೋಡುತ್ತಿದ್ದೆ. ಬುಧವಾರ ಸಂಜೆ "ಓಂ" ಎನ್ನುವಷ್ಟು ನಿಂತಿತು. ಗುರುವಾರ "ನಮಃ" ದಾಟಿತು. ಶುಕ್ರವಾರ ಬೆಳಿಗ್ಗೆ ಇಡೀ ಪಂಚಾಕ್ಷರಿ ಹೇಳಿ ಮುಗಿಸಿ ಇನ್ನೊಮ್ಮೆ ಶುರು ಮಾಡಿದೆ. ಮೊದಲಿನಷ್ಟಲ್ಲ. ಆದರೂ ಒಂದು ಜೀವ ಮರಳಿ ಬರುವುದನ್ನು ಕಿವಿಯಿಂದ ಕೇಳುತ್ತಿದ್ದೇನೆ ಅನಿಸಿತು.

ಚಿಕ್ಕ ಜೋಡಿ ಮಾತ್ರ ಏಳಲಿಲ್ಲ. ತವರ ಪೂರ್ತಿ ಹೋದ ಮೇಲೂ ಅವು ಚಪ್ ಎಂದೇ ಅಂದವು. ಬೆಂಕಿ ಮಾಡಿದ್ದನ್ನು ಹುಳಿ ತಿದ್ದಲಾರದು.

"ಒಂದು ಕೆಲ್ಸ ಮಾಡಾನ," ಅಂದರು ಅತ್ತೆ. ಮುಖ ಆ ಕಡೆ ಇತ್ತು. "ಸಣ್ಣವು ಎರಡೂ ಎತ್ತಿಟ್ಟುಬಿಡು. ಕಾಣ್ತಿಲ್ಲ ಅಂತ ಹೇಳು. ದೊಡ್ಡದೇನೋ ಸರಿ ಐತೆ. ಅವನು ಇನ್ನೆಲ್ಲೋ ಬಿಟ್ಟು ಬಂದೆ ಅಂತ ಅಂದ್ಕೊಳ್ಳಲಿ."

ಅತ್ತೆ ಸುಳ್ಳು ಹೇಳಿದ್ದನ್ನು ನಾನು ಅಲ್ಲಿಯವರೆಗೆ ಕೇಳಿರಲಿಲ್ಲ. ಮಗನಿಗೆ ಅಷ್ಟು ಹೆದರಿದ್ದರು. ಹೆದರಿದ್ದು ಬೈಗುಳಕ್ಕಲ್ಲ. ಬೇಕೆಂದೇ ಮಾಡಿದೆಯಾ ಎಂದು ಮಗ ಕೇಳಿದರೆ, ಅಲ್ಲ ಎಂದು ಸಮಜಾಯಿಷಿ ಹೇಳಿಕೊಳ್ಳುವವರಲ್ಲ ಅತ್ತೆ. ಹಟಕ್ಕೆ ಬಿದ್ದು, ಹೂಂ, ಬೇಕೆಂದೇ ಮಾಡಿದೆ ಎಂದುಬಿಡುವ ಜನ ಅವರು. ಅದು ನನಗೆ ಗೊತ್ತಿತ್ತು.

ಸ್ನಾನ ಮಾಡಿ ಪೂಜೆಗೆ ಕೂತೆ. ಎದ್ದಾಗ ಒಂದು ತೀರ್ಮಾನಕ್ಕೆ ಬಂದಿದ್ದೆ. ಮುಚ್ಚಿಡುವುದು ಬೇಡ. ಆದರೆ ನಮ್ಮವರು ಮನೆಗೆ ಬಂದು, ಗೋಣಿ ಬಿಚ್ಚಿ, ಅತ್ತೆಯ ಎದುರು ಮೊದಲ ಮಾತಾಡುವುದೂ ಬೇಡ. ಗಂಡಸರಿಗೆ ಮೊದಲು ಬರುವ ಮಾತು ಯಾವತ್ತೂ ಅವರದಲ್ಲ, ಸಿಟ್ಟಿನದು. ಆ ಮಾತು ದಾರಿಯಲ್ಲೇ ಬಿದ್ದುಹೋಗಲಿ. ಸಂಜೆಯ ಬಸ್ಸಿನ ಹೊತ್ತಿಗೆ, ಉಪ್ಪು ತರುತ್ತೇನೆಂದು ಹೇಳಿ ಮಾದಾಪುರದ ಪೇಟೆಗೆ ನಡೆದೆ.

ನಮ್ಮವರು ಚರ್ಮದ ಸುರುಳಿಯನ್ನು ಮಗುವಿನ ಹಾಗೆ ಎದೆಗೊತ್ತಿಕೊಂಡು ಇಳಿದರು. ನನ್ನನ್ನು ನೋಡಿ ನಿಂತರು.

"ಏನೇ? ಅವ್ವಂಗೆ ಏನಾದ್ರೂ...?"

"ಅತ್ತೆ ಚೆನ್ನಾಗಿದ್ದಾರೆ. ನಿಮ್ಮ ತಾಳಕ್ಕೇ ಹುಷಾರಿಲ್ಲ."

ನಡೆಯುತ್ತ ಹೇಳಿದೆ. ಕಲಾಯಿ ಎಂಬ ಮಾತು ಬಂದ ಕೂಡಲೇ ರಸ್ತೆಯ ನಡುವೆ ನಿಂತುಬಿಟ್ಟರು.

"ಬೇಕೂಂತ್ಲೇ ಮಾಡವಳೆ. ಹೊಳೇಗೆ ಎಸೀತೀನಿ ಅಂದಿದ್ಲಲ್ಲ. ಹೊಳೆ ದೂರ ಆಯ್ತೇನೋ, ಮನೇಲೇ ಕೊಂದ್ಲು." ಇನ್ನೂ ಏನೇನೋ ಅಂದರು. ಬರೆಯುವಂಥದ್ದಲ್ಲ. ಅಷ್ಟು ವರ್ಷ ಒಳಗಿಟ್ಟುಕೊಂಡದ್ದೆಲ್ಲ ಬಂತು. ನಾನು ತಡೆಯಲಿಲ್ಲ. ದಾರಿಯ ಬದಿಯ ಗಿಡಗಳು ಕೇಳಿಕೊಂಡವು. ಗಿಡಗಳು ಯಾರಿಗೂ ಹೇಳುವುದಿಲ್ಲ.

ಸುಸ್ತಾದ ಮೇಲೆ ಹೇಳಿದೆ. "ತವರ ಸಾಲಲಿಲ್ವಂತೆ ರೀ. ಕಾರ್ತಿಕದ ತಪ್ಪಲೆ ಬಿಟ್ಟು ನಿಮ್ಮ ತಾಳಕ್ಕೆ ಹಾಕ್ಸಿದ್ದಾರೆ."

"ಯಾವ ತಪ್ಪಲೆ?"

"ಹರಕೆ ಅನ್ನದ್ದು. ಅಟ್ಟದ ಮೇಲೆ ಹಾಗೇ ಕೂತಿದೆ, ಹೋಗಿ ನೋಡಿ. ಈ ಸೋಮವಾರ ಮಡಕೆಗಳಲ್ಲೇ ಅನ್ನ. ನೀವು ಕಿಲುಬಿನ ತಾಳ ಇಟ್ಕೊಂಡು ನಾಲ್ಕು ಜನದ ಮುಂದೆ ಕೂರೋದು ಅವರಿಗೆ ಸರಿಬರಲಿಲ್ಲ. ಅಷ್ಟೇ."

ಅವರು ದಾರಿಯ ಎಸ್ಟೇಟಿನ ಗೇಟು ದಾಟುವವರೆಗೂ ಚರ್ಮದ ಸುರುಳಿಯನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಾಯಿಸುತ್ತಲೇ ಇದ್ದರು.

ಮನೆಯಲ್ಲಿ ಅತ್ತೆ ಒರಳಿನ ಮುಂದೆ ಕೂತು, ರುಬ್ಬಿ ಮುಗಿದ ಹಿಟ್ಟನ್ನೇ ರುಬ್ಬುತ್ತಿದ್ದರು. ತಲೆ ಎತ್ತಲಿಲ್ಲ. ನಮ್ಮವರು ನೇರ ಚಪ್ಪರಕ್ಕೆ ಹೋಗಿ ತೂಗುಹಾಕಿದ್ದ ತಾಳದ ಎದುರು ನಿಂತರು. ಕೋಲು ತೆಗೆದುಕೊಂಡು ನಡುವಿನ ಉಬ್ಬಿಗೆ ಹೊಡೆದರು, ಮೈಗೆ ಹೊಡೆದರು, ಅಂಚಿಗೆ ಹೊಡೆದರು. ಕಪ್ಪಾದ ಜಾಗದಲ್ಲಿ ಬೆರಳಾಡಿಸಿದರು. ಚಿಕ್ಕವೆರಡನ್ನೂ ಒಂದಕ್ಕೊಂದು ತಾಗಿಸಿ ನೋಡಿ ಕೆಳಗಿಟ್ಟರು.

"ಅವ್ವ," ಎಂದು ಕರೆದರು. "ಇಲ್ಲಿ ಬಾ. ಇದ್ನ ಸ್ವಲ್ಪ ಹಿಡ್ಕೊ."

ಒರಳು ನಿಂತಿತು. ಅತ್ತೆ ಕೈ ತೊಳೆದುಕೊಂಡು ಬಂದರು. ನಮ್ಮವರು ಹಗ್ಗ ಬಿಚ್ಚಿ ತಾಳವನ್ನು ಅವರ ಕೈಗೆ ಕೊಟ್ಟರು. ಅತ್ತೆ ಅದನ್ನು ಊಟದ ತಟ್ಟೆಯಂತೆ ಎರಡೂ ಕೈಯಿಂದ ಅಂಚಿನಲ್ಲಿ ಹಿಡಿದರು. ನಮ್ಮವರು ಕೋಲಿನಿಂದ ಹೊಡೆದಾಗ ಡಬ್ ಎಂದಿತು. ಅತ್ತೆಯ ಮುಖ ಬಿಳಿಚಿತು.

"ಅಂಚು ಹಿಡಿಬ್ಯಾಡವ್ವ. ಅಂಚು ಹಿಡಿದ್ರೆ ಉಸಿರು ಕಟ್ತದೆ ಅದಕ್ಕೆ. ಈ ಹಗ್ಗ ಹಿಡ್ಕೊ, ನಡೂಗೆ."

ಮತ್ತೆ ಹೊಡೆದರು, ಮೆಲ್ಲಗೆ. ನಾದ ಬಿಚ್ಚಿಕೊಂಡಿತು. ಚಪ್ಪರ ತುಂಬಿತು, ಕೊಟ್ಟಿಗೆಯ ದನಗಳು ಕಿವಿ ನಿಗುರಿಸಿದವು. ಅಷ್ಟು ವರ್ಷ ಅತ್ತೆ ಅದನ್ನು ಗೋಡೆಯ ಆಚೆಯಿಂದ ಗದ್ದಲವೆಂದೇ ಕೇಳಿದ್ದರು. ಹತ್ತಿರ ನಿಂತು ಕೊನೆಯವರೆಗೆ ಕೇಳಿದ್ದು ಅವತ್ತೇ.

"ಇಷ್ಟ್ ಹೊತ್ತು ಇರ್ತದಾ ಇದು?" ಎಂದರು.

"ಇದಕ್ಕಿಂತ ಜಾಸ್ತಿ ಇತ್ತು," ಎಂದರು ಮಗ. ಆಮೇಲೆ ತಾವೇ ಸರಿಪಡಿಸಿಕೊಂಡರು. "ಸಾಕು. ಇಷ್ಟು ಸಾಕು."

ಅಷ್ಟೇ ಮಾತು. ಬೇಕೆಂದೇ ಮಾಡಿದೆಯಾ ಎಂದು ಅವರು ಕೇಳಲಿಲ್ಲ. ನಾನು ಮಾಡಿಲ್ಲ ಎಂದು ಅತ್ತೆಯೂ ಹೇಳಲಿಲ್ಲ. ಆ ರಾತ್ರಿ ಅತ್ತೆ ಊಟ ಮಾಡಿದರು, ಎರಡನೆಯ ಸಲ ಸಾರನ್ನೂ ಕೇಳಿದರು. ನನಗೆ ಅಷ್ಟು ಸಾಕಿತ್ತು.

ಶನಿವಾರ ಹೊಸ ಚರ್ಮ ಬಿಗಿದು ನಮ್ಮವರು ಬಿಟ್ಟಂಗಾಲಕ್ಕೆ ಹೋದರು. ಸತ್ತ ಜೋಡಿಯನ್ನೂ ಒಯ್ದರು, ಕಂಬ ಖಾಲಿ ಕಾಣಬಾರದೆಂದು. ಕಾಲ್ತಾಳ ಹೇಳಬೇಕಾದ್ದನ್ನೆಲ್ಲ ಎತ್ತಿನ ಗಂಟೆಯ ಮೇಲೂ ಮರದ ತುಂಡಿನ ಮೇಲೂ ಹೇಳಿದರಂತೆ. ದೊಡ್ಡ ತಾಳವನ್ನು ಎಲ್ಲೆಂದರಲ್ಲಿ ಹೊಡೆಯದೆ, ಹಾಡು ಮುಗಿಯುವ ಜಾಗಗಳಿಗೆ ಮಾತ್ರ ಉಳಿಸಿಕೊಂಡರಂತೆ. ಮರುದಿನ ಬಂದು, "ಪರವಾಗಿಲ್ಲ, ಆಯ್ತು" ಎಂದಷ್ಟೇ ಹೇಳಿ ಮಲಗಿದರು. ಮತ್ತೆ ಕರೆಯುತ್ತಾರೋ ಇಲ್ಲವೋ ಎಂದು ಕೇಳಲು ನನಗೂ ಧೈರ್ಯ ಬರಲಿಲ್ಲ, ಅತ್ತೆಗೂ ಬರಲಿಲ್ಲ.

ಕೆಲವು ದಿನ ಕಳೆದು ಬ್ಯಾಂಡ್ ಮಾಸ್ತರರೇ ಮನೆಗೆ ಬಂದರು. ಪೀಪಿ ಊದುವವರು, ವಯಸ್ಸಾದ ಕ್ರೈಸ್ತರು, ಕೋಟು ಟೋಪಿ. ಮೊದಲೂ ಬಂದಿದ್ದುಂಟು, ಆದರೆ ಅಂಗಳದಲ್ಲೇ ನಿಂತು ಮಾತಾಡಿ ಹೋಗುತ್ತಿದ್ದರು. ಅತ್ತೆ ಅವರನ್ನು ಕೂತ್ಕೊಳ್ಳಿ ಎಂದವರಲ್ಲ. ಅವತ್ತು ಅತ್ತೆ ಜಗಲಿಯಲ್ಲಿ ಬತ್ತಿ ಹೊಸೆಯುತ್ತಿದ್ದರು. ನಮ್ಮವರು ಪಕ್ಕದಲ್ಲೇ ಡ್ರಮ್ಮಿನ ತಿರುಪು ಬಿಗಿಯುತ್ತಿದ್ದರು.

"ಕ್ರಿಸ್ಮಸ್ಸಿಗೂ ನಾವೇ ಬರಬೇಕಂತೆ ಕಣಪ್ಪ, ಅದೇ ಬಂಗಲೆಗೆ," ಎಂದರು ಮಾಸ್ತರರು. ನಾನು ಬಾಗಿಲ ಮರೆಯಲ್ಲಿ ಶಿವಾ ಎಂದೆ. "ಆದ್ರೆ ಆ ಸಣ್ಣ ಸಿಂಬಲ್ ಜೋಡಿ ಬಿಸಾಕು ಮಾರಾಯ. ನಾನು ಬೇರೆ ಹುಡುಕ್ತೀನಿ." ಆಮೇಲೆ ಅತ್ತೆಯ ಕಡೆ ತಿರುಗಿದರು. "ನೋಡಿ ಅಮ್ಮ, ನಿಮ್ಮ ಮಗ ಅದನ್ನ ಒಲೆ ಮೇಲಿನ ಅಟ್ಟದಲ್ಲಿ ಇಟ್ಟಿದ್ದನಂತೆ. ಬಿಸಿಗೆ ಸತ್ತುಹೋಗಿದೆ. ಪಾರ್ಟಿ ದಿನ ಕೇಳಿದ್ರೆ ತಾನೇ ಹೇಳ್ತಾನೆ, ಮರೆತು ಇಟ್ಟೆ ಅಂತ. ಮಿಲಿಟರಿ ಬ್ಯಾಂಡಲ್ಲಿ ಇದ್ದೋನು! ಕಸುಬು ಗೊತ್ತಿಲ್ಲದೋರು ಮಾಡೋ ಕೆಲಸ ಅಲ್ವಾ ಇದು?"

ನಮ್ಮವರು ಡ್ರಮ್ಮಿನಿಂದ ತಲೆ ಎತ್ತಲೇ ಇಲ್ಲ. ಅತ್ತೆಯ ಕೈಯಲ್ಲಿ ಬತ್ತಿ ಅರ್ಧಕ್ಕೇ ನಿಂತಿತ್ತು. ಅವರು ಒಮ್ಮೆ ಮಗನ ಬಗ್ಗಿದ ತಲೆಯನ್ನು ನೋಡಿದರು. ಎದ್ದು ನಿಂತರು.

"ಯಾರಿಗ್ರೀ ಕಸುಬು ಗೊತ್ತಿಲ್ಲ? ನನ್ನ ಮಗಂಗಾ?"

ಮಾಸ್ತರರು ಟೋಪಿ ಕೈಗೆ ತೆಗೆದುಕೊಂಡರು.

"ಅವನ ಕಸುಬು ಅವನಿಗೆ ಚೆನ್ನಾಗಿ ಗೊತ್ತೈತೆ. ಅವನು ಎಲ್ಲೂ ಇಡ್ಲಿಲ್ಲ. ಕಲಾಯಿ ಹಾಕ್ಸಿದ್ದು ನಾನು."

"ಕಲಾಯಿ?" ಎಂದರು ಮಾಸ್ತರರು. "ಸಿಂಬಲ್ಲಿಗೆ?"

ಅವರು ತಡೆದುಕೊಳ್ಳಲು ತುಂಬ ಪ್ರಯತ್ನಪಟ್ಟರು, ಪಾಪ. ಆಗಲಿಲ್ಲ. ನಕ್ಕು ನಕ್ಕು ಕೆಮ್ಮು ಹತ್ತಿತು. ನಮ್ಮವರ ಭುಜವೂ ಕುಣಿಯತೊಡಗಿತು.

"ನಗ್ರಿ, ನಗ್ರಿ," ಎಂದರು ಅತ್ತೆ. "ನಿಮ್ಮ ಪೀಪೀನೂ ತನ್ನಿ ಒಂದಿನ, ಹಾಕಿಸ್ಕೊಡ್ತೀನಿ." ಅವರ ತುಟಿಯಂಚೂ ಆಗಲೇ ಸಡಿಲವಾಗಿತ್ತು. "ಅಂಗಳದಲ್ಲಿ ಯಾಕೆ ನಿಂತಿದ್ದೀರಿ, ಮೇಲೆ ಬಂದು ಕೂತ್ಕೊಳ್ಳಿ. ಏನವ್ವಾ, ಒಳಗೇನ್ ಮಾಡ್ತಿದ್ದೀ, ಕಾಫಿಗೆ ಇಡು!"

ನಾನು ಆಗಲೇ ಇಟ್ಟಿದ್ದೆ.